ಅಡುಗೆಮನೆಯಿಂದ ಪಡಸಾಲೆಗೆ ಹನ್ನೊಂದು ಹೆಜ್ಜೆ

ಚಪಳಗಾಂವ
ರವಿವಾರ, ೧೧ ಮೇ ೨೦೨೫

ನನ್ನ ಹಿರಾಬಾಯಿಗೆ,

ನಿನ್ನ ಅತ್ತಿಗೆಯ, ನಿನ್ನ ಬಾಯಲ್ಲಿ ವೈನಿಯ, ಆಶೀರ್ವಾದ. ಈ ಸುಡುಬಿಸಿಲಿನಲ್ಲಿ ಬೀರೋಬಾ ನಿನ್ನನ್ನೂ, ನಿನ್ನ ಮೊಮ್ಮಕ್ಕಳನ್ನೂ, ಒದೆಯುವ ಆ ನಿನ್ನ ಎಮ್ಮೆಯನ್ನೂ ತಣ್ಣಗೆ ಇಟ್ಟಿರಲಿ. ನಿಮ್ಮಣ್ಣ ತೀರಿಹೋಗಿ ವರ್ಷವಾಗುತ್ತ ಬಂತು. ಅಷ್ಟರಲ್ಲಿ ನೀನು ಮಂಗಳವೇಢೆಯಿಂದ ಎಷ್ಟು ಸಲ ಫೋನ್ ಮಾಡಿದೆಯೋ, "ಅತ್ತಿ ಮಲಗ್ಯಾರ ಅಂತ ಹೇಳವ್ವಾ" ಎಂದು ನಾನು ಸೊಸೆಯ ಬಾಯಲ್ಲಿ ಎಷ್ಟು ಸಲ ಸುಳ್ಳು ಹೇಳಿಸಿದೆನೋ. ಬೈದುಕೋ. ನೀನು ಬೈದರೆ ನನಗೆ ಹಿತವೇ.

ಫೋನಿನಲ್ಲಿ ಎಲ್ಲ ಮಾತು ಆಡಲಾಗುವುದಿಲ್ಲ. ಸೊಸೆ ಕಾಜಲ ಬಂಗಾರದಂಥವಳು, ಆದರೆ ಸ್ಪೀಕರ್ ಹಾಕಿಕೊಟ್ಟು ಪಕ್ಕದಲ್ಲೇ ಕೂತುಬಿಡುತ್ತಾಳೆ. ಕಾಗದಕ್ಕೆ ಆ ಭಯವಿಲ್ಲ. ಈ ಮನೆಯಲ್ಲಿ ನಾನೊಬ್ಬಳೇ ಕನ್ನಡ ಓದುವವಳು, ನಿನ್ನ ಮನೆಯಲ್ಲಿ ನೀನೊಬ್ಬಳೇ; ಉಳಿದವರೆಲ್ಲ ಮರಾಠಿ ಶಾಲೆ ಕಲಿತವರು. ನಾನು ಮದುವೆಯಾಗಿ ಬಂದಾಗ ನೀನು ಎರಡನೇ ಇಯತ್ತೆ. ನಿನ್ನ ಪಾಟಿ ತಿದ್ದಿದವಳು ನಾನೇ, ನೆನಪಿದೆಯಲ್ಲ? ಕಾಗದ ಬರೆದರೆ ಪುಸ್ತಕದ ಭಾಷೆಯಲ್ಲೇ ಬರೆಯಬೇಕು ಎಂದು ನಮ್ಮ ಮಾಸ್ತರರು ಛಡಿ ಹಿಡಿದು ಕಲಿಸಿದ್ದನ್ನು ಇನ್ನೂ ಮರೆತಿಲ್ಲ ನೋಡು.

ಮೊದಲು ನಿನ್ನ ಉಪಕಾರದ ಮಾತು. ಹದಿಮೂರನೆಯ ದಿನ ಪೂಜೆಗೆ ಕೂತ ನನ್ನನ್ನು ಮೇಲೆಬ್ಬಿಸಲು ಇಬ್ಬರು ರಟ್ಟೆ ಹಿಡಿದು ಎಳೆದದ್ದನ್ನು ನೀನು ಕಂಡೆ. ನನಗೆ ಒಂದು ಮಾತೂ ಹೇಳದೆ ಆರೋಗ್ಯ ಉಪಕೇಂದ್ರದ ಶುಭಾಂಗಿ ಸಿಸ್ಟರ್ ಹತ್ತಿರ ಹೋಗಿ, "ನಮ್ಮ ವೈನೀನ ಕೈ ಬಿಡಬ್ಯಾಡ್ರಿ" ಎಂದು ಹೇಳಿ ಊರಿಗೆ ಹೋದೆಯಂತೆ. ಆ ಹುಡುಗಿ ನನ್ನ ಕೈ ಬಿಡಲಿಲ್ಲ. ದಸರೆ ಮುಗಿದ ಮೇಲೆ ಬೀರೋಬಾನ ಗುಡಿ ಕಟ್ಟೆಯ ಮೇಲೆ ಅರವತ್ತು ದಾಟಿದ ನಮ್ಮಂಥ ದಪ್ಪಗಿನವರ, ಮೊಣಕಾಲು ಹಿಡಿದವರ ಒಂದು ಗುಂಪು ಕಟ್ಟಿದಳು. ವಾರಕ್ಕೆ ಮೂರು ಮುಂಜಾನೆ.

ಮೊದಲ ದಿನವೇ ಜಗಳವಾಯಿತು. ಅವಳು ಕಾಟಾ ತಂದಿಟ್ಟು, "ಒಬ್ಬೊಬ್ಬರಾಗಿ ಏರ್ರಿ, ತೂಕ ಬರಕೊಳ್ತೀನಿ" ಎಂದಳು. ಯಾರೂ ಅಲುಗಲಿಲ್ಲ. ಕುರಿ ಕಾಯುವ ನಮ್ಮ ಮಂದಿಯಲ್ಲಿ ಕುರಿಯನ್ನು ತೂಗುವುದು ಯಾವಾಗ ಎಂದು ನಿನಗೆ ಗೊತ್ತಲ್ಲ.

"ಅಯ್ಯ, ನಾ ಏರಂಗಿಲ್ಲವ್ವಾ! ಕಾಟಾ ಏರಿದ ಕುರಿ ತಿರುಗಿ ಹಟ್ಟಿಗಿ ಬರ್ತದೇನು?" ಎಂದೆ ನಾನು.

"ಆಯಿ, ನಿಮಗ ಯಾರೂ ಮಾರಾಕ ಒಯ್ಯಂಗಿಲ್ರಿ," ಎಂದಳು ಸಿಸ್ಟರ್.

"ಒಯ್ದರ ಲುಕ್ಸಾನ ಅವರದ!" ಎಂದು ಹಿಂದಿನಿಂದ ಕಂಬಳಿ ನೇಯುವ ಧರ್ಮರಾಜ ಕಾಕಾ ಕೂಗಿದರು. ನಗು ಬಂತು, ಆದರೂ ಕಾಟಾ ಯಾರೂ ಏರಲಿಲ್ಲ. ಕೊನೆಗೆ ಕಾಕಾನೇ ದಾರಿ ತೋರಿಸಿದರು. ಮನೆಯಿಂದ ಕರಿ ಉಣ್ಣೆಯ ದಾರದ ಉಂಡೆ ತಂದುಕೊಟ್ಟರು. ಸೊಂಟದ ಸುತ್ತ ದಾರ ಹಿಡಿದು ಅಳತೆಗೆ ಕತ್ತರಿಸುವುದು, ತಿಂಗಳಿಗೊಮ್ಮೆ ಅದೇ ದಾರ ಸುತ್ತಿ, ಕಡಿಮೆಯಾದಲ್ಲಿ ಗಂಟು ಹಾಕುವುದು. ಈ ಕಾಕಾ ಇದ್ದಾರಲ್ಲ, ದಾರ ಸುತ್ತುವಾಗ ಹೊಟ್ಟೆ ಒಳಗೆಳೆದು ಉಸಿರು ಹಿಡಿದು ನಿಲ್ಲುತ್ತಾರೆ. ಸಿಸ್ಟರ್ ಏನು ಕಡಿಮೆಯೇ? "ಕಾಕಾ, ನಿಮ್ಮ ಪೂರಾ ಹೆಸರು ಹೇಳ್ರಿ" ಎನ್ನುತ್ತಾಳೆ. ಬಾಯಿ ತೆರೆದ ಕೂಡಲೇ ಹೊಟ್ಟೆ ಹೊರಗೆ!

ಎರಡನೆಯ ಪರೀಕ್ಷೆ ಖುರ್ಚಿಯದು. ಕೈ ಊರದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ನೋಡುತ್ತಾಳೆ. ನನ್ನದು ಸೊನ್ನೆ. ಎಲ್ಲರ ಎದುರು ಒಂದು ಸಲವೂ ಏಳಲಾಗಲಿಲ್ಲ. "ನಿಮಗ ಏನ್ ಆಗಬೇಕು ಆಯಿ? ತೆಳ್ಳಗ ಆಗಬೇಕೇನು?" ಎಂದು ಕೇಳಿದಳು. "ತೆಳ್ಳಗಾಗಿ ಯಾರಿಗಿ ತೋರ್ಸಲಿ? ನೆಲದ ಮ್ಯಾಲಿಂದ ಯಾರ ಕೈನೂ ಹಿಡೀದ ಏಳಬೇಕು. ಎದ್ದು ಹನ್ನೊಂದು ಹೆಜ್ಜಿ ನಡೀಬೇಕು. ಅಷ್ಟ ಸಾಕು," ಎಂದೆ. ಹನ್ನೊಂದೇ ಯಾಕೆ ಎಂದಳು. ನಾನು ಮಾತು ಹಾರಿಸಿದೆ.

ಆಮೇಲೆ ನಾನೊಂದು ಹುಚ್ಚು ಕೆಲಸ ಮಾಡಿದೆ. ರವಿವಾರ ಮೈಲಾರನಿಗೆ, ಗುರುವಾರ ಅಕ್ಕಲಕೋಟದ ಸ್ವಾಮಿಗೆ, ಸೋಮವಾರ ಸಿದ್ಧರಾಮನಿಗೆ ಎಂದು ವಾರಕ್ಕೆ ಮೂರು ಉಪವಾಸ ಹಿಡಿದೆ. ಉಪವಾಸಕ್ಕೆ ಏನು? ಸಾಬುದಾಣಿ ಖಿಚಡಿ, ಮೇಲೆ ಶೇಂಗಾ, ತುಪ್ಪ, ಆಲೂಗಡ್ಡೆ. ತಿಂಗಳು ಮುಗಿದಾಗ ದಾರದ ತುದಿಗಳು ಒಂದಕ್ಕೊಂದು ಮುಟ್ಟಲೇ ಇಲ್ಲ! "ಏಕಾದಶಿ, ದುಪ್ಪಟ್ ಖಾಶಿ", ಉಪವಾಸದ ದಿನವೇ ಎರಡು ಪಾಲು ಊಟ ಎಂದು ಕಾಜಲ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ರೋಷ ಬಂತು. ಅದನ್ನೂ ಬಿಟ್ಟು ಬರೀ ಚಹಾ, ಬಾಳೆಹಣ್ಣಿನ ಮೇಲೆ ಇದ್ದೆ. ದಾರ ಎರಡು ಬೆರಳು ಕಡಿಮೆಯಾಯಿತು, ಆದರೆ ಕಾಲು ನಡುಗತೊಡಗಿದವು. ಒಂದು ಮುಂಜಾನೆ ಕಟ್ಟೆಯ ಮೆಟ್ಟಿಲಲ್ಲೇ ಕುಸಿದೆ.

ಶುಭಾಂಗಿ ಸಿಸ್ಟರ್ ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೈದ ಬೈಗಳು ಕೇಳಬೇಕಿತ್ತು ನೀನು. "ಆಯಿ, ನೀವು ಕರಗಿಸಿದ್ದು ಬೊಜ್ಜಲ್ಲರಿ, ಕಾಲಾಗಿನ ಶಕ್ತಿ! ಈ ವಯಸ್ಸಿನಾಗ ಉಪಾಸ ಬಿದ್ದು ತೂಕ ಇಳಿಸಬಾರದು. ಉಣ್ರಿ. ಮೂರು ಜ್ವಾಳದ ಭಕ್ರಿ ಇದ್ದದ್ದು ಒಂದೂವರಿ ಮಾಡ್ರಿ, ಅದರ ಜೋಡಿ ಬ್ಯಾಳಿ, ಮಸರು, ತತ್ತಿ ತಿನ್ರಿ. ಉಂಡು ಕಾಲು ಗಟ್ಟಿ ಮಾಡ್ಕೊರಿ." ನಿಮ್ಮಣ್ಣ ಹೋದಂದಿನಿಂದ ಪ್ರತಿ ತುತ್ತೂ ನನಗೆ ಗಂಟಲಲ್ಲಿ ನಿಲ್ಲುತ್ತಿತ್ತು ಹಿರಾ. ಮಗಳ ವಯಸ್ಸಿನವಳು "ಉಣ್ರಿ" ಎಂದಾಗ ಅಲ್ಲೇ, ಎಲ್ಲರ ಎದುರಿಗೇ ಅತ್ತುಬಿಟ್ಟೆ.

ಅಂದಿನಿಂದ ಹೇಳಿದ ಹಾಗೆ ಕೇಳಿದೆ. ಮಗ ಸೂರಜ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ತಾನು ದುಡಿಯುವ ಕಾರಖಾನೆಯಿಂದ ನೇಯ್ಗೆ ತಪ್ಪಿದ ಟಾವೆಲ್ಲುಗಳನ್ನು ತಂದುಕೊಟ್ಟ. ಅದನ್ನು ಪಾದಕ್ಕೆ ಸುತ್ತಿ ಎಳೆಯುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಖುರ್ಚಿಯಿಂದ ಎದ್ದು ಕೂರುವುದು. ಸಂಕ್ರಾಂತಿಗೆ ಮೂರು ಸಲ ಎದ್ದೆ, ಯುಗಾದಿಗೆ ಏಳು, ಈಗ ಒಂಬತ್ತು. ಕಾಜಲ ತನ್ನ ಕೆಲಸ ಬಿಟ್ಟು ನನ್ನ ಹಿಂದೆ ಕೈ ಚಾಚಿಕೊಂಡು ನಿಲ್ಲುತ್ತಿದ್ದಳು, ಬಿದ್ದರೆ ಹಿಡಿಯಲು. ಯಾರ ಋಣವನ್ನು ಹೇಗೆ ತೀರಿಸಲಿ?

ಮೊನ್ನೆ ಶುಕ್ರವಾರ ಅದು ಆಯಿತು. ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿ ಕೂತಿದ್ದೆ. ಮಗ್ಗುಲಿಗೆ ತಿರುಗಿ, ಮೊಣಕಾಲೂರಿ, ಒಂದು ಪಾದ ಮುಂದಿಟ್ಟು, ನನ್ನ ತೊಡೆಯ ಮೇಲೆ ನನ್ನದೇ ಕೈ ಊರಿ ಎದ್ದೆ. ಒಬ್ಬಳೇ! ಹನ್ನೊಂದು ಹೆಜ್ಜೆ ನಡೆದೆ. ಧರ್ಮರಾಜ ಕಾಕಾ ಬೀರೋಬಾನ ಅರಿಶಿನ ಭಂಡಾರ ತಂದು ನನ್ನ ಹಣೆಗೆ ಬಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಒಳಗೊಳಗೇ ಒಬ್ಬರ ಕ್ಷಮೆ ಕೇಳುತ್ತಿದ್ದೆ.

ಬರುವ ತಿಂಗಳು ನಿಮ್ಮಣ್ಣನ ವರ್ಷದ ಕಾರ್ಯ. ತಪ್ಪದೆ ಬಾ. ಲಕೋಟೆಯಲ್ಲಿ ನನ್ನ ಕರಿ ದಾರ ಇಟ್ಟಿದ್ದೇನೆ, ಕೊನೆಯ ಗಂಟಿನಾಚೆಗೆ ನಾಲ್ಕು ಬೆರಳು ಉಳಿದಿದೆ. ನಿನ್ನಿಂದಾದದ್ದು, ನಿನ್ನ ಹತ್ತಿರವೇ ಇರಲಿ. ನಿನ್ನ ಹೊಟ್ಟೆ ತಂಪಾಗಿರಲಿ, ನಿನ್ನ ಕಾಲು ಗಟ್ಟಿಯಾಗಿರಲಿ ತಂಗೀ.

ನಿನ್ನ ವೈನಿ,
ಸುಗಲಾಬಾಯಿ

ತಾ.ಕ.: ಮಣ್ಣು ಮಾಡಿ ಬಂದ ದಿನ ನೀನು ನನ್ನ ಗದ್ದ ಹಿಡಿದು, "ಅಣ್ಣ ಕಡೀಗೆ ಏನರೆ ಅಂದನೇನು ವೈನಿ?" ಎಂದು ಕೇಳಿದೆ. "ಇಲ್ಲವ್ವಾ, ನಿದ್ದಿಯೊಳಗ ಹೋದ್ರು," ಎಂದೆ. ಸುಳ್ಳು ಹೇಳಿದೆ. ಅದಕ್ಕೇ ವರ್ಷವಿಡೀ ನಿನ್ನ ಫೋನ್ ಎತ್ತಲಿಲ್ಲ. ಆ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಅವರು ಪಡಸಾಲೆಯ ಹೊರಸಿನ ಮೇಲಿದ್ದರು, ನಾನು ಅಡುಗೆಮನೆಯ ನೆಲದ ಮೇಲೆ ಜೋಳ ಹಸನು ಮಾಡುತ್ತಿದ್ದೆ. ಜನ್ಮದಲ್ಲಿ ನನ್ನ ಹೆಸರು ಹಿಡಿಯದವರು ಅಂದು "ಸುಗಲಾ, ನೀರು" ಎಂದರು. ಎರಡು ಸಲ ಕರೆದರು. "ಬಂದೆ, ತಡೀರಿ" ಎಂದೆ. ಏಳಲಾಗಲಿಲ್ಲ ಹಿರಾ. ಗೋಡೆ ಹಿಡಿದೆ, ಕಂಬ ಹಿಡಿದೆ, ಈ ಮೈ ಏಳಲಿಲ್ಲ. ಚಂಬು ಹಿಡಿದು ತೆವಳಿಕೊಂಡು ಹೋದೆ. ನಡೆದರೆ ಅದು ಬರೀ ಹನ್ನೊಂದು ಹೆಜ್ಜೆ. ನಾನು ಮುಟ್ಟುವ ಹೊತ್ತಿಗೆ ನೀರೆಲ್ಲ ಚೆಲ್ಲಿ ಒಂದು ಗುಟುಕು ಉಳಿದಿತ್ತು. ಬಾಯಿಗೆ ಹಾಕಿದೆ. ಒಳಗೆ ಹೋಗಲಿಲ್ಲ.

ಇದನ್ನು ಓದಿದ ಮೇಲೂ ನನ್ನ ಮನೆಗೆ ಬರಬೇಕೆನಿಸಿದರೆ, ಬಂದು ಪಡಸಾಲೆಯ ಹೊರಸಿನ ಮೇಲೆ ಕೂತು ನೀರು ಕೇಳು. ಕಾಜಲಳನ್ನು ಕೇಳಬೇಡ, ನನ್ನನ್ನೇ ಕೇಳು.