ಬಾಗಿಲು ಮುಚ್ಚಿದ್ದ ಮಂಗಳವಾರ

ಮಾಮೂ, ಲೂಯಿಸಿಯಾನ
ಮಾರ್ಚ್ 2, 1998

ಪ್ರೀತಿಯ ಓಡಿಲ್ ಅಕ್ಕ,

ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಪೋರ್ಟ್ ಆರ್ಥರ್‌ನಿಂದ ನೀನು ಬರೆದ ಪ್ರತಿ ಕಾಗದದಲ್ಲೂ "ಲಾಯರನ್ನು ಕಂಡೆಯಾ?" ಎಂಬ ಒಂದು ಸಾಲು ಇದ್ದೇ ಇರುತ್ತಿತ್ತು. ಆ ಸಾಲಿಗೆ ಹೆದರಿಯೇ ನಾನು ಪೆನ್ನು ಮುಟ್ಟುತ್ತಿರಲಿಲ್ಲ. ಕಂಡೆ, ಅಕ್ಕ. ದಾವೆಯನ್ನೂ ಹಾಕಿದ್ದಾಯಿತು. ಒಂದೇ ಒಂದು ದಿನದಲ್ಲಿ ಕೈತಪ್ಪಿ ಹೋಗುವುದಿತ್ತು.

ಕ್ಲೋವಿಸ್ ಸತ್ತ ಮೇಲೆ ಆ ಜಲ್ಲಿ ಲಾರಿ ಕಂಪನಿಯಿಂದ ಬಂದ ಕಾಗದವನ್ನು ನಿನಗೆ ಓದಿ ಹೇಳಿದ್ದೆನಲ್ಲ, "ನಿಮ್ಮ ಪತಿ ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸಿ ನಮ್ಮ ಲಾರಿಗೆ ಅಡ್ಡ ಬಂದರು" ಎಂದು? ನನಗೆ ಬೇಕಾಗಿದ್ದದ್ದು ಆ ಮಾತು ನಿಜವೋ ಸುಳ್ಳೋ ಎಂಬುದಷ್ಟೇ. ಊರಿನವರೆಲ್ಲ ಆ ಲಾರಿಯ ಬ್ರೇಕು ಕೆಟ್ಟಿತ್ತು ಎನ್ನುತ್ತಿದ್ದರು. ಅದನ್ನು ಅವರ ಬಾಯಿಂದಲೇ ಕೇಳಬೇಕಾದರೆ ಕೋರ್ಟಿಗೆ ಹೋಗಲೇಬೇಕು. ನಾನು ಹೋಗಲಿಲ್ಲ. ಅತ್ತೆ ಯೂಲಾಲಿ ಹಳೇ ಕಾಲದವರು, ವರ್ಷ ತುಂಬುವ ತನಕ ಕಪ್ಪು ಬಟ್ಟೆ, ರೇಡಿಯೋ ಇಲ್ಲ, ಕುಣಿತದ ಮನೆಯ ಕಡೆ ತಲೆ ಹಾಕುವಂತಿಲ್ಲ. ಇಂಥ ಮನೆಯಲ್ಲಿ ಕೋರ್ಟಿನ ಮಾತು ಎತ್ತುವುದು ಹೇಗೆ? ವರ್ಷದ ಪೂಜೆ ಮುಗಿಯಲಿ, ಆಮೇಲೆ ಹೋದರಾಯಿತು ಎಂದುಕೊಂಡೆ.

ಈ ಸಲ ಉಪವಾಸದ ಕಾಲಕ್ಕೆ ಮುಂಚಿನ ಕೊನೆಯ ಹಬ್ಬ, ಮಾರ್ಡಿ ಗ್ರಾ ಮಂಗಳವಾರ, ಫೆಬ್ರವರಿ ಇಪ್ಪತ್ನಾಲ್ಕಕ್ಕೆ ಬಂತು. ಕ್ಲೋವಿಸ್ ಹೋದ ತಾರೀಖೂ ಅದೇ. ಬೆಳಿಗ್ಗೆ ಏಳಕ್ಕೆ ಇಗರ್ಜಿಯಲ್ಲಿ ಅವನ ಹೆಸರಿನಲ್ಲಿ ಪೂಜೆ ಕೊಡಿಸಿ ಮನೆಗೆ ಬಂದೆವು. ಅತ್ತೆ ಒಲೆಯ ಮುಂದೆ ನಿಂತು ಗಂಬೋ ಸಾರಿಗೆ ಹಿಟ್ಟು ಹುರಿಯುತ್ತಿದ್ದರು. ನಾನು ಧೈರ್ಯ ಮಾಡಿ, "ಅತ್ತೆ, ನಾಳೆಯಿಂದ ಕಪ್ಪು ತೆಗೀತೀನಿ. ಆಮೇಲೆ ಒಬ್ಬ ಲಾಯರನ್ನ ನೋಡ್ಬೇಕು," ಎಂದೆ.

ಅತ್ತೆ ತಿರುಗಿ ನೋಡಿದರು. "ಇನ್ನೂ ನೋಡಿಲ್ವೇನೇ?"

"ನೀವು ಬೇಜಾರು ಮಾಡ್ಕೋತೀರ ಅಂತ..."

"ಅಯ್ಯೋ ನನ್ನ ತಲೆ ಮೇಲೆ ಹಾಕ್ತೀಯಾ! ಹೋದ ಬೇಸಿಗೇಲೇ ನೀನು ದಾವೆ ಹಾಕಿದೀಯ, ನನ್ನ ಹತ್ರ ಹೇಳೋಕೆ ಸಂಕೋಚ ಅಂದ್ಕೊಂಡಿದ್ನಲ್ಲೇ!"

ಕುರ್ಚಿಗೆ ಕುಸಿದು ಕುಳಿತ ಅತ್ತೆ ನಲವತ್ತೇಳು ವರ್ಷ ಯಾರಿಗೂ ಹೇಳದ ಸಂಗತಿ ಹೇಳಿದರು. ಮಾವ ಅಕ್ಕಿ ಗಿರಣಿಯ ಬಾಯ್ಲರ್ ಸಿಡಿದು ಸತ್ತಾಗ ಅವರೂ ವರ್ಷದ ಪೂಜೆ ಮುಗಿಯಲಿ ಎಂದು ಕಾದಿದ್ದರಂತೆ. ಪೂಜೆಯಾದ ಮೂರನೆಯ ದಿನ ಕೋರ್ಟು ಕಚೇರಿಗೆ ಹೋದರೆ ಗುಮಾಸ್ತ, "ದಾವೆ ಹಾಕೋಕೆ ಒಂದು ವರ್ಷ ಅಷ್ಟೇ ಅಮ್ಮ, ಮುಗೀತು," ಎಂದು ಕಾಗದ ವಾಪಸು ತಳ್ಳಿದನಂತೆ. ನಿಮ್ಮ ಟೆಕ್ಸಸ್‌ನಲ್ಲಿ ಎರಡು ವರ್ಷ ಕೊಡುತ್ತಾರೆ, ಇಲ್ಲಿ ಒಂದೇ. ನನಗೆ ಗೊತ್ತಿರಲಿಲ್ಲ, ಅಕ್ಕ. ಅವತ್ತೇ ಕೊನೆಯ ದಿನ. ಹಬ್ಬದ ರಜೆ, ಕೋರ್ಟಿಗೆ ಬೀಗ. ಊರಿನ ಲಾಯರುಗಳೆಲ್ಲ ಕುಡಿದು ಕುದುರೆ ಹತ್ತಿದ್ದಾರೆ. ಒಲೆಯ ಮೇಲೆ ಹಿಟ್ಟು ಸೀದ ವಾಸನೆ ಬರುತ್ತಿದ್ದರೂ ಇಬ್ಬರೂ ಏಳಲಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ, ಹಬ್ಬದ ಗಂಬೋ ಸಾರಿಗೆ ಮನೆಮನೆಯಲ್ಲಿ ಕೋಳಿ ಬೇಡುವ ಮುಖವಾಡದ ಸವಾರರು. ಅವರ ನಾಯಕ ಬಿಳಿ ಬಾವುಟ ಹಿಡಿದು, "ಸಾವಿನ ಮನೆ ಅಂತ ಗೊತ್ತು, ವರ್ಷ ತುಂಬಿದ್ರೆ ಬರಬಹುದಾ?" ಎಂದು ಕೂಗಿದ. ಬೇಡವೆಂದು ನಾನು ಕೈ ಆಡಿಸುವಷ್ಟರಲ್ಲಿ ಅತ್ತೆ ಸೌಟು ಹಿಡಿದೇ ಮೆಟ್ಟಿಲಿಳಿದರು. ಅವರು ಒಂದು ಕೋಳಿ ಬಿಟ್ಟಿದ್ದೇ ತಡ, ಚೂಪು ಟೋಪಿಯ ಸವಾರರೆಲ್ಲ ಕೆಸರಿನಲ್ಲಿ ಬಿದ್ದೂ ಎದ್ದೂ ಅದರ ಹಿಂದೆ ಓಡಿದರು. ಕೊನೆಗೆ ಹಿಡಿದವನು ಒಬ್ಬ ಡೊಳ್ಳು ಹೊಟ್ಟೆಯವನು.

ಅತ್ತೆ ಸೌಟನ್ನು ಅವನ ಎದೆಗೆ ಚುಚ್ಚಿದರು. "ಎಮಿಲ್ ದೂಗಾ! ಆ ಹೊಟ್ಟೆಗೆ ಮುಖವಾಡ ಹೊಲಿಸೋದು ಮರೆತ್ಯಾ?"

"ನಾನು ಎಮಿಲ್ ಅಲ್ಲ. ಮುಖವಾಡದವನ ಹೆಸರು ಹೇಳಬಾರದು, ಯೂಲಾಲಮ್ಮ."

"ಹುಟ್ಟಿದಾಗ ನಿನ್ನ ಮೊದಲು ಎತ್ಕೊಂಡೋಳು ನಾನು. ಲಾಯರ್ ಆಗಿ ಉತ್ತರ ಹೇಳು, ಆಮೇಲೆ ಕೋತಿ ಆಗು. ನನ್ನ ಮಗ ಸತ್ತು ಇವತ್ತಿಗೆ ವರ್ಷ. ಇವಳು ದಾವೆ ಹಾಕಿಲ್ಲ. ಎಲ್ಲಾ ಮುಗೀತಾ?"

ಅವನು ಮುಖವಾಡ ತೆಗೆದ. ಕಂಕುಳಲ್ಲಿ ಕೋಳಿ ಕೂಗುತ್ತಲೇ ಇತ್ತು. ತಾರೀಖನ್ನು ಎರಡು ಸಲ ಕೇಳಿ, "ಕ್ಲೋವಿಸ್ ಪುಣ್ಯವಂತ," ಎಂದ. "ಕೊನೇ ದಿನ ಸರ್ಕಾರಿ ರಜೆ ಆದ್ರೆ ಅದು ಲೆಕ್ಕಕ್ಕಿಲ್ಲ, ಅಜೆಲಿ. ಮತ್ತೆ ಕಚೇರಿ ತೆರೆಯೋ ದಿನಾನೇ ಕೊನೇ ದಿನ. ನಾಳೆ ಬೆಳಿಗ್ಗೆ ಎಂಟಕ್ಕೆ ಬಾ. ಮದುವೆ ಪತ್ರ, ಮರಣ ಪತ್ರ, ಕಂಪನಿಯವರ ಕಾಗದ, ಎಲ್ಲಾ ತಗೊಂಬಾ."

"ನಾಳೆ ನೀವು ನೆಟ್ಟಗೆ ನಿಂತಿರ್ತೀರಾ?" ಎಂದು ನಾನು ಕೇಳಿದೆ.

"ನಿಲ್ಲೋಕಾಗದಿದ್ರೂ ಟೈಪ್ ಮಾಡೋಕೆ ಕೂರ್ತೀನಲ್ಲ!"

ಪಾಪ, ಮಾತು ಉಳಿಸಿಕೊಂಡ. ಮಾರನೇ ದಿನ, ಬೂದಿ ಬುಧವಾರ, ಇಗರ್ಜಿಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ನಾವಿಬ್ಬರೂ ಹೋದಾಗ ಅವನು ಕಣ್ಣು ಕೆಂಪಗೆ ಮಾಡಿಕೊಂಡು ಟೈಪ್ ಮಾಡುತ್ತಿದ್ದ. ಮಧ್ಯಾಹ್ನ ಎರಡಕ್ಕೆ ವಿಲ್ ಪ್ಲಾಟ್ ಊರಿನ ಕೋರ್ಟು ಕಚೇರಿಯಲ್ಲಿ ಗುಮಾಸ್ತೆ, ಅವಳ ಹಣೆಯಲ್ಲೂ ಬೂದಿ, ಕಾಗದದ ಮೇಲೆ ಮೊಹರು ಒತ್ತಿದಳು. ಅತ್ತೆ ಆ ಒದ್ದೆ ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ಕ್ಲೋವಿಸ್‌ನ ಮಣ್ಣಿನ ದಿನವೂ ಅತ್ತಿರಲಿಲ್ಲ.

ಕಂಪನಿಯವರು ಇನ್ನು ಪ್ರಮಾಣ ಮಾಡಿ ಉತ್ತರ ಹೇಳಬೇಕು. ಎಷ್ಟು ತಿಂಗಳಾದರೂ ಆಗಲಿ, ನನಗೆ ಅವಸರವಿಲ್ಲ. ನಿನ್ನ ಮೊಣಕಾಲು ನೋವು ಹೇಗಿದೆ? ಮಕ್ಕಳನ್ನೆಲ್ಲ ದೇವರು ತಣ್ಣಗೆ ಇಟ್ಟಿರಲಿ. ಈಸ್ಟರ್‌ಗೆ ಬಾ, ನಾನು ನೀಲಿ ಲಂಗ ಹೊಲಿದುಕೊಳ್ಳುತ್ತಿದ್ದೇನೆ.

ನಿನ್ನ ತಂಗಿ,
ಅಜೆಲಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಾನು ವರ್ಷವಿಡೀ ಕಾದದ್ದಕ್ಕೆ ಅತ್ತೆಯ ಕಪ್ಪು ಬಟ್ಟೆ ಬರೀ ನೆಪ. ಅವತ್ತು ಬೆಳಿಗ್ಗೆ ಕ್ಲೋವಿಸ್, "ಕಣ್ಣೇ ಬಿಡೋಕಾಗ್ತಿಲ್ಲ ಕಣೇ, ಇವತ್ತೊಂದಿನ ಬಿಟ್ಬಿಡು," ಎಂದಿದ್ದ. ಹೋದ ವರ್ಷ ಅಷ್ಟೊತ್ತಿಗೆ ಮಾಂಸ ಬಿಡುವ ಉಪವಾಸದ ಕಾಲ ಶುರುವಾಗಿತ್ತು, ಕ್ರಾಫಿಷ್ ಸೀಗಡಿಗೆ ಬೇಡಿಕೆ, ಕೊಳದಲ್ಲಿ ಬುಟ್ಟಿಗಳು ತುಂಬಿವೆ ಎಂದು ನಾನೇ ಹೊದಿಕೆ ಎಳೆದು, ಬೂಟು ಎಸೆದು ಎಬ್ಬಿಸಿ ಕಳಿಸಿದೆ. ಕಂಪನಿಯ ಕಾಗದವನ್ನು ಊರಲ್ಲಿ ಯಾರೂ ನಂಬಲಿಲ್ಲ, ನಾನೊಬ್ಬಳು ನಂಬಿದ್ದೆ. ಕೋರ್ಟಿಗೆ ಹೋದರೆ ಅದು ನಿಜವೆಂದು ಗೊತ್ತಾಗಿಬಿಡುತ್ತದೆ ಎಂದು ಹೆದರಿದ್ದೆ. ಬುಧವಾರ ಎಮಿಲ್, ಶೆರಿಫರ ಪೊಲೀಸ್ ಕಚೇರಿಯಿಂದ ತರಿಸಿದ ಫೋಟೋ ನನ್ನ ಮುಂದಿಟ್ಟ. ರಸ್ತೆಯ ಮೇಲೆ ನಮ್ಮ ಗಾಡಿಯ ಚಕ್ರದ ಎರಡು ಕಪ್ಪು ಗೆರೆ, ಎಂಬತ್ತು ಅಡಿ ಉದ್ದ. "ನಿದ್ದೆ ಮಾಡ್ತಿದ್ದೋನು ಬ್ರೇಕ್ ಒತ್ತಲ್ಲ, ಅಜೆಲಿ," ಎಂದ. ವಾಪಸು ಬರುವಾಗ ಕಾರು ನಿಲ್ಲಿಸಿ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಅವರು, "ಸ್ಕೂಲಿಗೆ ಹೋಗೋವಾಗಿಂದ ದಿನಾ ಹಂಗೇ ಅಂತಿದ್ದ ಕಣೇ. ನಾನೂ ದಿನಾ ಹೊದಿಕೆ ಎಳೀತಿದ್ದೆ," ಎಂದರು. ಮನೆಗೆ ಬಂದು ಮಲಗಿದವಳು ಮಾರನೇ ಬೆಳಿಗ್ಗೆ ಒಂಬತ್ತರವರೆಗೆ ಏಳಲಿಲ್ಲ. ಅತ್ತೆ ನನ್ನನ್ನು ಎಬ್ಬಿಸಲಿಲ್ಲ.