ಕೆಂಪು ಹುಂಜ, ಬಿಳಿ ಹುಂಜ

ಅಕ್ಟೋಬರ್ 30, 1948, ಶನಿವಾರ. ನಾನ್‌ಜಿಂಗ್

ಮದುವೆ ಆಗಿಹೋಯಿತು, ನಾನೀಗ ಮಿಸೆಸ್ ಶೆನ್ — ಆದದ್ದು ಮಾತ್ರ ಒಂದು ಹುಂಜದ ಜೊತೆ.

ನಗು ತಡೆಯೋಕೇ ಆಗುತ್ತಿಲ್ಲ. ನನ್ನ ಗಂಡ ಯಾನ್‌ಚಿಂಗ್‌ನ ರಜೆ ಕ್ಯಾನ್ಸಲ್. ಕಮ್ಯುನಿಸ್ಟರು ಹತ್ತಿರ ಬಂದರೆಂದು ಇಡೀ ರೆಜಿಮೆಂಟನ್ನು ಉತ್ತರಕ್ಕೆ, ಶುಜೋ ಕಡೆಗೆ ಕಳಿಸಿದ್ದಾರೆ. ಮುಹೂರ್ತ ತಪ್ಪಬಾರದು ಅಂದರು ಅತ್ತೆ. ವರ ಬರಲಾಗದಿದ್ದರೆ ಅವನ ಜಾಗದಲ್ಲಿ ಹುಂಜ ನಿಲ್ಲಿಸುವುದು ಅವರ ಊರಿನ ಪದ್ಧತಿಯಂತೆ. ಕೆಂಪು ಹುಂಜ, ಕೊರಳಿಗೆ ಕೆಂಪು ರಿಬ್ಬನ್. ಮನೆಯ ಹಳೇ ಆಳು ತಾವೊ ಅಜ್ಜಿ ಅದರ ತಲೆ ಬಗ್ಗಿಸಿ ನನಗೆ ನಮಸ್ಕಾರ ಮಾಡಿಸಿದಳು. ಮಿಷನ್ ಸ್ಕೂಲಿನ ಗೆಳತಿಯರೆಲ್ಲ ಕರ್ಚೀಫು ಬಾಯಿಗೆ ತುರುಕಿಕೊಂಡು ನಿಂತಿದ್ದರು.

"ಯಜಮಾನ್ರು ಬಂದು ಹೊಸಿಲು ದಾಟೋವರೆಗೂ ಇದು ನಿಮ್ಮ ಮಂಚದ ಕೆಳಗೇ ಮಲಗ್ಬೇಕು, ಚಿಕ್ಕಮ್ಮೋರೇ."

"ಗೊರಕೆ ಹೊಡೆಯುತ್ತಾ ಅಜ್ಜಿ?"

"ಅವರಷ್ಟು ಹೊಡೆಯಲ್ಲ ಬಿಡಿ."

ಗೊರಕೆ! ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಬೇಗ ಮಕ್ಕಳಾಗಲೆಂದು ಹಾಸಿಗೆಯ ಮೂಲೆಗಳಲ್ಲಿ ಖರ್ಜೂರ, ಕಡಲೆಕಾಯಿ ಇಟ್ಟು ಹೊಲಿದಿದ್ದಾರೆ. ಬೆನ್ನಿಗೆ ಒತ್ತುತ್ತದೆ. ಎಷ್ಟು ಹ್ಯಾಪಿಯಾಗಿದ್ದೇನೆ ಎಂದರೆ ಅದೂ ಹಿತ.

ನವೆಂಬರ್ 3

ಅತ್ತೆ ಮತ್ತು ನಾನು, ಇಬ್ಬರೇ ಊಟಕ್ಕೆ. ಬಟ್ಟಲು ನಾಲ್ಕು. ಎರಡು ದಿನ ನೋಡಿ ಇವತ್ತು ಕೇಳಿಯೇಬಿಟ್ಟೆ.

"ನನ್ನ ಗಂಡುಮಕ್ಕಳದು," ಅಂದರು.

ಭಾವ ಯಾನ್‌ಬೋ ಕಮ್ಯುನಿಸ್ಟರ ಜೊತೆ ಸೇರಿ ಎರಡು ವರ್ಷವಾಯಿತು. ಪಕ್ಕದ ಮನೆಯಲ್ಲೇ ಪೊಲೀಸ್ ಇನ್‌ಸ್ಪೆಕ್ಟರ್ ಇದ್ದಾರೆ, ಹಾಗಾಗಿ ಆ ಹೆಸರು ಎತ್ತುವಂತಿಲ್ಲ. ಅತ್ತೆಗೆ ಇಬ್ಬರೂ ಬರೀ "ಮಗ". ಬಟ್ಟಲುಗಳೂ ಒಂದೇ ಥರ, ಎರಡರ ಮೇಲೂ ನೀಲಿ ಮೀನು. ದಿನಾ ಬಿಸಿ ಅನ್ನ ಬಡಿಸಿ, ಆರಿದ ಮೇಲೆ ತೆಗೆಯುತ್ತಾರೆ.

"ಯಾವುದು ಯಾರದು ಅತ್ತೆ?"

"ಹೆತ್ತವಳಿಗೆ ಗೊತ್ತು. ನೀನು ಊಟ ಮಾಡು, ತುತ್ತಿಗಿಂತ ಮಾತೇ ಜಾಸ್ತಿ ನಿಂದು."

ಅಲ್ಲಿ ಅಣ್ಣ ತಮ್ಮ ಎದುರುಬದುರು, ಕೈಯಲ್ಲಿ ಬಂದೂಕು. ಇಲ್ಲಿ ಅಕ್ಕಪಕ್ಕ. ಒಂದರ ಹಬೆ ಇನ್ನೊಂದಕ್ಕೆ ತಾಗುತ್ತದೆ.

ನವೆಂಬರ್ 12

ಸ್ಕೂಲಿನ ಗೆಳತಿ ರುಯಿಫಾಂಗ್ ಜೊತೆ ದೋಣಿಯಲ್ಲಿ ನದಿ ದಾಟಿ ಪುಕೊ ಸ್ಟೇಷನ್‌ಗೆ ಹೋಗಿದ್ದೆ. ಉತ್ತರದಿಂದ ಬರುವ ಗಾಯಾಳುಗಳಿಗೆ ಬಿಸಿನೀರು ಕೊಡಲು ಹಳೇ ವಿದ್ಯಾರ್ಥಿನಿಯರನ್ನು ಕರೆದಿದ್ದರು. ಎಷ್ಟೊಂದು ಜನ... ಬರೆಯಲ್ಲ.

ಕೊನೆಯ ಬೋಗಿಯಲ್ಲಿ ಶವಪೆಟ್ಟಿಗೆಗಳು. ಒಂದೊಂದರ ಮೇಲೂ ಕಾಲು ಕಟ್ಟಿದ ಬಿಳಿ ಹುಂಜ. ರೆಕ್ಕೆ ಬಡಿಯುತ್ತಿರಲಿಲ್ಲ, ಸುಮ್ಮನೆ ಕೂತಿದ್ದವು. ಮಾರೋಕೆ ತಂದಿದ್ದಾರಾ ಅಂತ ಕೇಳಿದೆ ನಾನು, ದಡ್ಡಿ.

"ಥೂ, ಮೆಲ್ಲಗೆ ಮಾತಾಡೇ. ಅದು ದಾರಿ ತೋರಿಸೋ ಹುಂಜ," ಅಂದಳು ರುಯಿಫಾಂಗ್. "ಊರಿಂದ ದೂರ ಸತ್ತೋರು ಅದರ ಮೇಲೆ ಕೂತು ಮನೆಗೆ ಬರ್ತಾರೆ. ಇಂಗ್ಲಿಷ್ ಪದ್ಯ ಎಲ್ಲ ಬಾಯಿಪಾಠ ನಿಂಗೆ, ಇದು ಗೊತ್ತಿಲ್ಲ."

ಮನೆಗೆ ಬಂದು ನಮ್ಮ ಕೆಂಪಣ್ಣನಿಗೆ ಒಂದು ಹಿಡಿ ಜಾಸ್ತಿ ಜೋಳ ಹಾಕಿದೆ.

ನವೆಂಬರ್ 19

ಹುಂಜ ಬೆಳಿಗ್ಗೆ ಕೂಗುವುದನ್ನು ಬಿಟ್ಟಿದೆ. ಈಗ ದೀಪ ಹಚ್ಚುವ ಹೊತ್ತಿಗೆ ಕೂಗುತ್ತದೆ, ಒಂದೇ ಸಲ. ಬುಟ್ಟಿಯಲ್ಲಿ ಯಾವಾಗಲೂ ಉತ್ತರದ ಗೋಡೆಗೆ ಮುಖ. ಬುಟ್ಟಿ ತಿರುಗಿಸಿದೆ. ಅದೂ ತಿರುಗಿತು. ಮತ್ತೆ ತಿರುಗಿಸಿದೆ. ಮತ್ತೆ ತಿರುಗಿತು. ಮೊದಲು ತಮಾಷೆ ಎನಿಸಿತು.

ಶುಜೋ ರೈಲು ದಾರಿ ಕಡಿದಿದ್ದಾರಂತೆ. ಪತ್ರ ಬರದಿರುವುದು ಅದಕ್ಕೇ. ಅದಕ್ಕೇ.

ನವೆಂಬರ್ 24

ನಿನ್ನೆ ಮಧ್ಯಾಹ್ನ ಒಬ್ಬ ಬಂದಿದ್ದ. ಮಾಮೂಲಿ ಬಟ್ಟೆ, ಬೂಟು ಮಾತ್ರ ಮಿಲಿಟರಿಯದು, ತುಂಬ ಕೆಸರು. ಸೈನಿಕನಿರಬೇಕು. ಯಾವ ಕಡೆಯವನೋ. ಅತ್ತೆ ಬಾಗಿಲು ಹಾಕಿಕೊಂಡು ಮಾತಾಡಿದರು. ಅವನು ಹೋದ ಮೇಲೆ ನಾನು ಓಡಿದೆ.

"ಏನಂತೆ ಅತ್ತೆ?"

"ಮಗನ ಸುದ್ದಿ."

"ಯಾವ ಮಗ?"

ನನ್ನ ಕೆನ್ನೆ ಸವರಿ ಒಳಗೆ ಹೋದರು.

ಇವತ್ತು ಊಟಕ್ಕೆ ಬಟ್ಟಲು ಮೂರು. ಅತ್ತೆಯದು, ನನ್ನದು, ನೀಲಿ ಮೀನಿನದು ಒಂದು. ಯಾರದು ಉಳಿದದ್ದು?

ನವೆಂಬರ್ 29

ಅಂಗಳದಲ್ಲಿ ಬಿಳಿ ಹುಂಜ. ಅತ್ತೆಯೇ ಸಂತೆಗೆ ಹೋಗಿ ತಂದದ್ದು. ತಾವೊ ಅಜ್ಜಿ ಅದರ ಕಾಲು ತೊಳೆಯುತ್ತಿದ್ದಳು. ಅವಳ ಅಂಗಿಯ ಅಂಚು ಹಿಡಿದು ಕೂತೆ.

"ನನ್ನ ಕೇಳ್ಬೇಡಿ. ಅಮ್ಮೋರು ಬಾಯಿ ಬಿಡ್ಬೇಡ ಅಂದವ್ರೆ."

"ಹೆಸರು ಬೇಡ. ಹುಂಜ ಯಾರು ತಗೊಂಡು ಹೋಗೋದು, ಅಷ್ಟು ಹೇಳು."

"ಮದುವೆ ಆಗ್ದೇ ಇರೋನಾದ್ರೆ ಹೆತ್ತವ್ಳು. ಆದೋನಾದ್ರೆ ಹೆಂಡ್ತಿ. ಹೊರಡೋಕೆ ಮುಂಚೆ ಯಾವತ್ತು ಬರ್ತೀನಿ, ಯಾವುದ್ರಲ್ಲಿ ಬರ್ತೀನಿ ಅಂತ ಸತ್ತೋರಿಗೆ ತಿಳಿಸ್ಬೇಕು. ಇಲ್ದಿದ್ರೆ ಪಾಪ, ಬೇರೆಯೋರ ಹಿಂದೆ ಹೊಂಟೋಗ್ತಾರೆ."

ಒಳಗೆ ಬಂದರೆ ಅತ್ತೆ ಚೀಲ ತುಂಬುತ್ತಿದ್ದರು. ತಮ್ಮ ದಪ್ಪ ಹತ್ತಿಯ ನಿಲುವಂಗಿ, ಬಟ್ಟೆಯ ಬೂಟು. ಅವರೇ ಹೊರಟಿದ್ದಾರೆ. ಅವರೇ. ಭಾವನಿಗೆ ಮದುವೆಯಾಗಿಲ್ಲ.

ದೇವರೇ, ನಾನು ಕೋಣೆಗೆ ಬಂದು ಕುಣಿದೆ. ನಿಜವಾಗಿ ಕುಣಿದೆ. ಬಾಗಿಲು ಹಾಕಿಕೊಂಡು, ಕಾಲುಚೀಲದಲ್ಲಿ, ಸದ್ದಾಗದ ಹಾಗೆ. ಆ ತಾಯಿ ಗೋಡೆಯಾಚೆ ಬಟ್ಟೆ ಮಡಚುತ್ತಿದ್ದರು.

ಡಿಸೆಂಬರ್ 3, ಶುಕ್ರವಾರ, ಸಂಜೆ

ಅತ್ತೆ ಆ ಚೀಲ ತಂದು ನನ್ನ ಮಂಚದ ಮೇಲಿಟ್ಟರು. ನಿಲುವಂಗಿಯ ಕೆಳಗೆ ನನ್ನ ಮದುವೆಯ ಕೆಂಪು ಜಾಕೆಟ್ಟು.

"ಉತ್ತರದಲ್ಲಿ ಚಳಿ ಜಾಸ್ತಿ. ನಿನ್ನ ಕೋಟು ತೆಳು, ನಂದು ಹಾಕ್ಕೋ. ಬೆಂಗ್‌ಬೂನಲ್ಲಿ ದೇವಸ್ಥಾನದ ಅಂಗಳದಲ್ಲಿ ಪೆಟ್ಟಿಗೆ ಇಟ್ಟಿದ್ದಾರಂತೆ. ತಾವೊ ಜೊತೇಲಿ ಬರ್ತಾಳೆ."

ನಾನು ಏನೋ ಅಂದೆ. ನೀವೇ ಹೋಗಿ ಅಂದೆನೋ ಏನೋ.

"ನನ್ನ ಹಿಂದೆ ಬರಲ್ಲ ಮಗಳೇ. ಹೆಂಡ್ತಿ ಬಂದ ಮೇಲೆ ತಾಯಿ ಹಿಂದೆ ಬರೋ ಗಂಡಸನ್ನ ಎಲ್ಲಾದ್ರೂ ನೋಡಿದೀಯಾ?" ನಗಲು ನೋಡಿದರು. "ಅವನು ಸಣ್ಣವನಿದ್ದಾಗಲೂ ಕರೆದ ತಕ್ಷಣ ಬರ್ತಾ ಇರಲಿಲ್ಲ."

ಮಂಚದ ಕೆಳಗೆ ಈಗ ಎರಡು ಬುಟ್ಟಿ. ಕೆಂಪು, ಬಿಳಿ. ಎರಡೂ ಉತ್ತರಕ್ಕೆ ಮುಖ. ಈಗಷ್ಟೇ ದೀಪ ಹಚ್ಚಿದೆ, ಕೆಂಪು ಕೂಗಲಿಲ್ಲ. ಬಿಳಿಯದು ಕೂಗಿತು.

ಬರುವ ದಿನ, ರೈಲು ಯಾವುದೆಂದು ಅಂಗಳಕ್ಕೆ ಹೋಗಿ ಅವರಿಗೆ ಜೋರಾಗಿ ಕೂಗಿ ಹೇಳಬೇಕಂತೆ. ಹೋದೆ. ದನಿ ಬರಲಿಲ್ಲ. ಬರೆದರೂ ನಡೆಯುತ್ತಾ ಅಂತ ಕೇಳಿದೆ. "ಓದೋಕೆ ಬರ್ತಿತ್ತಲ್ಲ ಅವ್ರಿಗೆ, ಬರೀರಿ," ಅಂದಳು ಅಜ್ಜಿ.

ಬರೆಯುತ್ತೇನೆ. ಯಾನ್‌ಚಿಂಗ್, ಕೇಳಿ. ಬೇರೆ ಯಾರ ಹಿಂದೆಯೂ ಹೋಗಬೇಡಿ, ಎಷ್ಟೇ ಚಳಿಯಾದರೂ. ಕೆಂಪು ಜಾಕೆಟ್ಟು ಹಾಕಿರುತ್ತೇನೆ, ನೀವು ನೋಡೇ ಇಲ್ಲವಲ್ಲ ಅದನ್ನ. ಕೈಯಲ್ಲಿ ಹುಂಜ ಇರುತ್ತದೆ, ಈ ಸಲವೂ. ನಾಳೆ, ಶನಿವಾರ, ಡಿಸೆಂಬರ್ ನಾಲ್ಕು. ಪುಕೊದಿಂದ ಬೆಳಿಗ್ಗೆ ಹೊರಡುವ ಬೆಂಗ್‌ಬೂ ಪ್ಯಾಸೆಂಜರ್, ಸಾಯಂಕಾಲ ಅಲ್ಲಿಗೆ ಬಂದು ಸೇರುತ್ತೇನೆ.