ಗುಲ್ಮಾರ್ಗಿನಲ್ಲಿ ನಿನ್ನ ನಿಂಬೆಹಣ್ಣು

ಅಜ್ಜಿಗೆ, ನಿನ್ನ ಮಾತು ಕೇಳಿ ಕೆಟ್ಟ ಮೊಮ್ಮಗಳು ಶ್ರೀವಲ್ಲಿಯ ನಮಸ್ಕಾರ.

ಇಲ್ಲಿ ರಾತ್ರಿಯೆಲ್ಲ ಹಿಮ ಬಿದ್ದು, ಇಡೀ ದಿಬ್ಬೂರಹಳ್ಳಿಗೆ ಸಾಲುವಷ್ಟು ಅಕ್ಕಿಹಿಟ್ಟನ್ನು ಯಾರೋ ಜರಡಿ ಹಿಡಿದ ಹಾಗಿದೆ. ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆಗಳು. ಜಾರದಂತೆ ಅವುಗಳ ಅಡಿಗೆ ತುಪ್ಪಳದ ಪಟ್ಟಿ ಅಂಟಿಸಿಕೊಂಡು ಬೆಟ್ಟವನ್ನು ನಡೆದೇ ಹತ್ತಬೇಕು. ತುದಿಯಲ್ಲಿ ಪಟ್ಟಿ ಕಿತ್ತು, ಜಾರಿಕೊಂಡು ಇಳಿಯಬೇಕು.

"ಯಾವ ಗಾಡಿಯಾದ್ರೂ ಸರಿ ಕಣೇ, ನಿಂಬೆಹಣ್ಣು ತುಳಿಸದೆ ಹೊರಡಬೇಡಮ್ಮ" ಅಂದಿದ್ದೆಯಲ್ಲ? ನೀನು ಕೊಟ್ಟ ಎರಡನ್ನೂ ತುದಿಯಲ್ಲಿ ಹಲಗೆಗಳ ಕೆಳಗೆ ಇಟ್ಟೆ. ಚಳಿಗೆ ಅವು ಕಲ್ಲಾಗಿದ್ದವು. ಅಪ್ಪಚ್ಚಿಯಾಗುವ ಬದಲು ಉರುಳಿಕೊಂಡು ಹೊರಟವು, ಅವುಗಳ ಹಿಂದೆಯೇ ನಾನು! ಗೈಡ್ ಬಶೀರ್ ಇನ್ನೂ ಪಟ್ಟಿ ಕೀಳುತ್ತಿದ್ದರು. ಅರಚಿಕೊಂಡು ಅವರನ್ನು ದಾಟಿ, ಒಂದು ದೇವದಾರು ಮರದ ಬುಡದಲ್ಲಿ ತಲೆಕೆಳಗಾಗಿ ಹೂತುಹೋದೆ. ಕಾಲು ಹಿಡಿದು ಎಳೆದು ತೆಗೆದ ಬಶೀರ್ ಮೊದಲು ಕೇಳಿದ್ದು, ರೇಸಿನಲ್ಲಿ ಗೆದ್ದಿದ್ದು ನೀವೋ ನಿಂಬೆಹಣ್ಣೋ ಎಂದು.

ಕೈಕಾಲು ನೆಟ್ಟಗಿವೆ. ಹಿಮದ ಮೇಲಿನ ಬಿಸಿಲಿಗೆ ಮೂಗು ಮಾತ್ರ ಸುಟ್ಟ ಬದನೆಕಾಯಿಯಾಗಿದೆ. ಅಪ್ಪ ಇನ್ನೂ ನಾನು ಮೈಸೂರಿನಲ್ಲಿ ಟೀಚರ್ ಟ್ರೇನಿಂಗಿನಲ್ಲಿದ್ದೇನೆ ಎಂದೇ ನಂಬಿದ್ದಾರೆ. ನಾನು ಊರಿಗೆ ಬಂದಾಗ ಮೂಗು ನೋಡಿ ಕೇಳಿದರೆ, ಮೈಸೂರಿನಲ್ಲಿ ಈ ಸಲ ಬಿಸಿಲು ಜಾಸ್ತಿ ಎನ್ನು. ಜಾಗ ಮುಗಿಯಿತು.

ನಿನ್ನ ಶ್ರೀವಲ್ಲಿ

ಪೋಸ್ಟ್‌ಮ್ಯಾನ್ ಕನಕರಾಜಣ್ಣ, ಹೆಂಗೂ ಪೂರ್ತಿ ಓದಿದ್ದೀರ. ಕಾರ್ಡಿನ ಹಿಂದಿರೋ ಹಿಮದ ಬೆಟ್ಟ ಯಾವುದು ಅಂತ ಅಪ್ಪ ಕೇಳಿದ್ರೆ, ಚಾಮುಂಡಿ ಬೆಟ್ಟ ಅಂದ್ಬಿಡಿ.